ಎಳೆದು ನೋಡದ ಸರ

ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಸರ ಪೋಣಿಸಿಕೊಂಡಿರುವ ಮಣಿಯಕ್ಕನದು ಒಂದೇ ಹಟ. ಸರ ಮುಗಿದದ್ದೇ ತಡ, ಅದನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿ, ಯಾರ ಮೇಲೋ ಸಿಟ್ಟು ಬಂದವಳ ಹಾಗೆ ಜಗ್ಗುತ್ತಾಳೆ. ನಿಂತು ನೋಡುವ ಗಿರಾಕಿಗಳ ಜೀವ ಬಾಯಿಗೆ ಬರುತ್ತದೆ. “ಕಿತ್ತುಹೋಗೋದಿದ್ರೆ ಇಲ್ಲೇ ಹೋಗ್ಲಿ ತಾಯಿ, ನಿಮ್ಮನೆಗೆ ಬಂದು ಮಣಿ ಆರಿಸೋಕೆ ನನಗೆಲ್ಲಿ ಪುರುಸೊತ್ತು?” ಎನ್ನುತ್ತಾಳೆ. ಇಷ್ಟು ವರ್ಷದಲ್ಲಿ ಅವಳು ಕಟ್ಟಿದ ಒಂದು ಸರವೂ ವಾಪಸು ಬಂದಿರಲಿಲ್ಲ. ಇದೇನು ಸಣ್ಣ ಮಾತೇ!

ಮೊದಲ ಸಲ ವಾಪಸು ಬಂದದ್ದು ಸ್ವಂತ ತಂಗಿಯದು. ಅದೂ ಎಂಥದ್ದು, ತೀರಿಹೋದ ಅಮ್ಮನ ಮುತ್ತಿನ ಸರ. ಹೋದ ತಿಂಗಳಷ್ಟೇ ಮಣಿಯಕ್ಕ ಅದನ್ನು ಹೊಸ ತಂತಿಗೆ ಪೋಣಿಸಿಕೊಟ್ಟಿದ್ದಳು. ನಾಳೆ ತಂಗಿಯ ಮಗಳ ಮದುವೆ. ಇವತ್ತು ಬೆಳಿಗ್ಗೆ ಮಗಳ ಕೊರಳಿಗೆ ಹಾಕಿ ನೋಡುವಾಗ ಮುತ್ತೆಲ್ಲ ನೆಲದ ಪಾಲು! ತಂಗಿ ಅವನ್ನು ಡಬ್ಬಿಗೆ ತುಂಬಿಕೊಂಡು ಬಂದು ಮೇಜಿನ ಮೇಲೆ ಕುಕ್ಕಿದಳು.

“ಊರೋರ ಸರಕ್ಕೆಲ್ಲ ಗಟ್ಟಿ ಕೈ, ಮನೇದಕ್ಕೆ ಮಾತ್ರ ಉದಾಸೀನ. ಆಗುತ್ತೋ ಇಲ್ವೋ ಹೇಳಿಬಿಡು. ಆಗಲ್ಲ ಅಂದ್ರೆ ಬೇರೆ ಅಂಗಡಿಗೆ ಕೊಡ್ತೀನಿ.”

ಮಣಿಯಕ್ಕನ ಮುಖ ಹುಳ್ಳಗಾಯಿತು. ತಂತಿಯ ತುದಿಯನ್ನು ಭೂತಗನ್ನಡಿಯಲ್ಲಿ ಹಿಡಿದು ನೋಡಿದಳು. ತಂತಿಯ ತುದಿ ಜಾರದಂತೆ ಬಿಗಿಯುವ, ಎಳ್ಳಿನಷ್ಟೇ ಇರುವ ಲೋಹದ ಕ್ರಿಂಪ್ ಮಣಿಯೊಳಗೆ ತಂತಿ ಎರಡು ಸಲ ಹಾಯಬೇಕು. ಇಕ್ಕಳದಲ್ಲಿ ಒತ್ತುವಾಗ ಎರಡೆಳೆಯೂ ಅಕ್ಕಪಕ್ಕ ಮಲಗಿರಬೇಕು. ಇಲ್ಲಿ ಒಂದರ ಮೇಲೊಂದು ಹತ್ತಿ ಹಿಡಿತವೇ ತಪ್ಪಿತ್ತು. ಒಮ್ಮೆ ಜಗ್ಗಿದ್ದರೆ ಅಂದೇ ಗೊತ್ತಾಗುತ್ತಿತ್ತು.

“ಉದಾಸೀನ ಅಲ್ಲ ಕಣೇ,” ಎಂದಳು ಮಣಿಯಕ್ಕ. “ಅಮ್ಮನ ಸರ ಅಂತ ಎಳೆಯೋಕೆ ಮನಸ್ಸೇ ಬರಲಿಲ್ಲ. ಇದೊಂದನ್ನೇ ನಾನು ಎಳೆದು ನೋಡದೆ ಕೊಟ್ಟಿದ್ದು.”

ತಂಗಿ ಸ್ಟೂಲು ಎಳೆದುಕೊಂಡು ಕೂತಳು. ದೊಡ್ಡದು ಚಿಕ್ಕದು ನೋಡಿ ಒಂದೊಂದೇ ಮುತ್ತು ಆರಿಸಿಕೊಟ್ಟಳು. ಅಕ್ಕ ಪೋಣಿಸಿದಳು. ಕೊನೆಗೆ ತಂತಿಯನ್ನು ಕ್ರಿಂಪ್ ಮಣಿಯಲ್ಲಿ ತೂರಿಸಿ, ಕೊಂಡಿಯಲ್ಲಿ ಬಳಸಿ, ಮತ್ತೆ ಅದೇ ಮಣಿಯೊಳಗೆ ಹಿಂದಕ್ಕೆ ತಂದಳು. ಇಕ್ಕಳದ ಒಳಹಲ್ಲಿನಲ್ಲಿ ಒತ್ತಿದಾಗ ಮಣಿಯ ನಡುವೆ ತಗ್ಗು ಬಿದ್ದು ಎರಡೆಳೆ ಬೇರೆಯಾದವು. ಹೊರಹಲ್ಲಿನಲ್ಲಿ ಒತ್ತಿದಾಗ ಮಣಿ ಮಡಚಿ ದುಂಡಗಾಯಿತು. ಇನ್ನೊಂದು ತುದಿಗೂ ಹಾಗೇ ಮಾಡಿ ಕೊಂಡಿ ಹಾಕಿದಳು.

ಚಿಲಕದವರೆಗೆ ಹೋದ ಕೈ ಮತ್ತೆ ಹಿಂಜರಿಯಿತು.

“ಕೊಡಿಲ್ಲಿ,” ಎಂದು ತಂಗಿ ಸರದ ಒಂದು ಬದಿ ಹಿಡಿದಳು. “ಆ ಕಡೆ ನೀನು ಹಿಡಿ. ಹೂಂ, ಎಳಿ!”

ಮೊದಲು ಮೆಲ್ಲಗೆ, ಆಮೇಲೆ ಹಲ್ಲುಕಚ್ಚಿ ಎಳೆದರು. ಜಪ್ಪಯ್ಯ ಅಂದರೂ ತಂತಿ ಜಾರಲಿಲ್ಲ.

“ಅಮ್ಮ ಈಗ ಬಂದಿದ್ರೆ,” ಎಂದಳು ತಂಗಿ ಏದುಸಿರು ಬಿಡುತ್ತ, “ಸರಕ್ಕೋಸ್ಕರ ಕಿತ್ತಾಡ್ತಿದ್ದಾರೆ ಅಂತ ಇಬ್ರಿಗೂ ಎರಡೆರಡು ಬಾರಿಸ್ತಿದ್ಲು.”

ಮಣಿಯಕ್ಕನಿಗೆ ನಗು ತಡೆಯಲಾಗಲಿಲ್ಲ. ನಗುನಗುತ್ತಲೇ ಕಣ್ಣು ತುಂಬಿತು.

“ಮೊದಲನೇ ಏಟು ನಂಗೇ ಬೀಳ್ತಿತ್ತು,” ಎಂದಳು. “ನೀನು ಚಿಕ್ಕವಳಲ್ವಾ.”