ದೇಶದ ರಕ್ತ ನೋಡುವ ರಂಜನಾಬಾಯಿ

ನಮ್ಮ ಬನಹಟ್ಟಿಯ ಆರೋಗ್ಯ ಸಮೀಕ್ಷೆಯ ರಂಜನಾಬಾಯಿಯನ್ನು ನಾನು ಮೊದಲು ಮದುವೆ ಕುದುರಿಸುವವಳೆಂದೇ ತಿಳಿದಿದ್ದೆ. ಬಾಗಿಲಲ್ಲಿ ನಿಂತವಳೇ ಮಗಳ ವಯಸ್ಸು, ಎತ್ತರ, ತೂಕ ಕೇಳಿದರೆ ಇನ್ನೇನು ತಿಳಿಯಬೇಕು? ನನ್ನ ಸೊಂಟಕ್ಕೂ ಟೇಪು ಹಿಡಿದಾಗ ಸಂಶಯ ಹರಿಯಿತು. "ದಿಲ್ಲಿಯವ್ರು ಕಾಯಾಕತ್ತಾರ್ರಿ, ಲಗೂ ಬೆರಳ ಕೊಡ್ರಿ" ಎನ್ನುತ್ತಾಳೆ, ನನ್ನ ಒಂದು ಹನಿ ರಕ್ತಕ್ಕಾಗಿ ಸಂಸತ್ತೇ ಉಪವಾಸ ಕೂತಂತೆ. ಮದುವೆಯ ಪಂಕ್ತಿಯಲ್ಲಿ ಎರಡನೇ ಹೋಳಿಗೆಗೆ ಕೈ ಚಾಚಿದರೆ, "ನೂರಕ್ಕ ಹದಿನೆಂಟು ಮಂದಿಗೆ ಸಕ್ಕರಿ ಬ್ಯಾನಿ ಐತ್ರಿ, ಅದ್ರಾಗ ನೀವೂ ಒಬ್ರು" ಎಂದು ಊಟ ಕಹಿ ಮಾಡುತ್ತಾಳೆ. ಮಗ್ಗಗಳ ಸದ್ದು ಮೀರಿಸಿ, "ಸಂಡಾಸ ಬರೋಬ್ಬರಿ ಆಗತೈತೇನ್ರಿ ಕಾಕಾ?" ಎಂದು ಓಣಿಗೆಲ್ಲ ಕೇಳುವಂತೆ ಒದರುವುದೂ ಇವಳೇ. ಇಂಥವಳು ಮೊನ್ನೆ, ಮಗ್ಗಕ್ಕೆ ನೂಲಿನ ಕಂಡಿಕಿ ಸುತ್ತುವ ವಂದನಾಳ ಮನೆಗೆ ಒಂದೇ ವಾರದಲ್ಲಿ ಮೂರನೇ ಸಲ ಹೊರಟಿದ್ದಳು. ವಂದನಾ ಏಳು ತಿಂಗಳ ಬಸುರಿ, ರಕ್ತ ಆರೇ ಪಾಯಿಂಟು, ಜಮಖಂಡಿಯ ಆಸ್ಪತ್ರೆಗೆ ಕಳಿಸಿರೆಂದರೆ ಅತ್ತೆ, "ಕಂಡಿಕಿ ಯಾರ ಸುತ್ತಬೇಕು?" ಎನ್ನುತ್ತಾಳಂತೆ. ನಾನು ಜಾಣತನದಿಂದ ಕೇಳಿದೆ: "ಅಲ್ರಿ ಅಕ್ಕಾರ, ತಾಲೂಕಿನ ರಕ್ತದ ಸರಾಸರಿ ಹನ್ನೊಂದು ಬಂದೈತಂತ. ಆಕಿ ಒಬ್ಬಾಕಿನ್ನ ಬಿಟ್ರ ದೇಶದ ಲೆಕ್ಕ ಕೆಡತೈತೇನು?" ರಂಜನಾಬಾಯಿ ಚಪ್ಪಲಿ ಮೆಟ್ಟುತ್ತಲೇ ಹೇಳಿದಳು: "ಲೆಕ್ಕ ಕೆಡಾಂಗಿಲ್ರಿ, ಸುಧಾರಿಸ್ತೈತಿ. ಆಕಿ ಸಾಯ್ತಾಳ."