ಜಾಲಿನೂಸನ ಹೆಸರು

ಸದಲಗಾದಲ್ಲಿ ಆಟೋ ಓಡಿಸುವ ಜಾಲಿನೂಸನಿಗೆ ತನ್ನ ಹೆಸರು ಹೊತ್ತು ಹೊತ್ತು ಸಾಕಾಗಿಹೋಗಿತ್ತು. ಅಜ್ಜ ರಾಜೇಸಾಬ ಸುತ್ತ ಹಳ್ಳಿಗಳಿಗೆಲ್ಲ ಬೇಕಾದ ಹಕೀಮ. ಮೊಮ್ಮಗನೂ ನಾಡಿ ಹಿಡಿಯಲೆಂದು ಆಸೆಪಟ್ಟು ಇಟ್ಟ ಹೆಸರು ಅದು. ಗ್ರೀಕರ ದೊಡ್ಡ ವೈದ್ಯ ಗಲೇನೋಸ್, ಅರಬರು ಅವನ ಗ್ರಂಥಗಳನ್ನು ತಮ್ಮ ಭಾಷೆಗೆ ತಂದುಕೊಂಡಾಗ ಜಾಲಿನೂಸನಾದ. ಪಾರಸಿ, ಉರ್ದು ದಾಟಿ, ಯುನಾನಿ ಔಷಧದ ಬೆನ್ನು ಹತ್ತಿ ಆ ಹೆಸರು ದೂಧಗಂಗೆಯ ದಂಡೆಗೂ ಬಂತು. ಮೂಲದಲ್ಲಿ ಅದರ ಅರ್ಥ ಶಾಂತ ಎಂದು ಅಜ್ಜ ಹೇಳುತ್ತಿದ್ದ. ಅಷ್ಟು ದೂರದಿಂದ ಬಂದ ಹೆಸರನ್ನು ಶಾಲೆಯ ಹುಡುಗರು ಒಂದೇ ದಿನದಲ್ಲಿ ಜಾಲಿಮುಳ್ಳು ಮಾಡಿಬಿಟ್ಟರು. ಶಾಂತಿ ಎಲ್ಲಿಂದ ಬರಬೇಕು!

ನಾಡಿವಿದ್ಯೆ ಅವನ ತಲೆಗೆ ಹತ್ತಲೇ ಇಲ್ಲ. ಆದರೆ ಅಜ್ಜ ತೀರಿಕೊಂಡ ಮೇಲೂ ಜನ ಬರುವುದು ನಿಲ್ಲಲಿಲ್ಲ. ಮೊಣಕಾಲು ನೋವಿರಲಿ, ಕೂಸಿನ ಜ್ವರವಿರಲಿ, ಜಾಲಿನೂಸನ ಬಾಗಿಲಿಗೇ. ‘ನಾ ಹಕೀಮ ಅಲ್ರಿ’ ಎಂದು ಹೇಳಿ ಹೇಳಿ ಬಾಯಿ ಸೋತು, ಕಡೆಗೆ ಬಂದವರನ್ನು ಆಟೋದಲ್ಲಿ ಕೂರಿಸಿಕೊಂಡು ಚಿಕ್ಕೋಡಿಯ ಸರ್ಕಾರಿ ದವಾಖಾನೆಗೆ ಬಿಟ್ಟುಬರುತ್ತಿದ್ದ. ಹೆಂಡತಿ ಬೈಯುತ್ತಿದ್ದಳು. ಅವನಿಗೂ ತನ್ನ ಮೇಲೆ ಸಿಟ್ಟಿತ್ತು.

ಈಗ ಮಗಳು ಗುಲನಾಜಳಿಗೆ ಗಂಡುಕೂಸು. ಏಳನೆಯ ದಿನ ಕುರಿ ಕೊಯ್ದು ಅಕೀಕಾ ಮಾಡಿ, ತಲೆ ಬೋಳಿಸಿ ಹೆಸರಿಡಬೇಕು. ತನ್ನ ಹೆಸರನ್ನೇ ಎಲ್ಲಿ ಕೂಸಿನ ತಲೆಗೆ ಕಟ್ಟುತ್ತಾರೋ ಎಂದು ಜಾಲಿನೂಸ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಬೀಗರೆಲ್ಲ ಸೇರಿದಾಗ ತಾನೇ ಬಾಯಿ ಬಿಟ್ಟ.

‘ನನ್ನ ಹೆಸರ ಬ್ಯಾಡ್ರಿ. ಅದು ನನ್ನ ಕೂಡನ ಮುಗೀಲಿ.’

‘ನಾವೂ ಹಂಗಽ ಅಂದ್ಕೊಂಡಿದ್ವಿ ಅಬ್ಬಾ,’ ಎಂದಳು ಗುಲನಾಜ.

ಕೂಸಿಗೆ ಅಮೀರ ಎಂದು ಹೆಸರಾಯಿತು. ಒಬ್ಬರಾದರೂ ಬಾಯಿಮಾತಿಗೆ ‘ಯಾಕ್ರಿ, ಇರಲಿ’ ಎನ್ನಲಿಲ್ಲ. ಬೇಡವೆಂದವನು ತಾನೇ, ಆದರೂ ಅದು ಅವನಿಗೆ ಚುಚ್ಚಿತು. ಬಿರಿಯಾನಿ ತಟ್ಟೆ ಅರ್ಧಕ್ಕೇ ಬಿಟ್ಟು ಎದ್ದ.

ಹೊರಗೆ ಬಂದರೆ, ಓಣಿಯ ಮುದುಕಿ ತುಳಸವ್ವ ಆಗಲೇ ಆಟೋದಲ್ಲಿ ಕೂತು ಮೊಣಕಾಲು ಒತ್ತಿಕೊಳ್ಳುತ್ತಿದ್ದಳು.

‘ಕೂಸಿಗೆ ನಿನ್ನ ಹೆಸರ ಇಟ್ರೇನೋ?’

‘ಇಲ್ಬೇ. ಯಾರಿಗೂ ಬ್ಯಾಡಾಗೇತಿ ಅದು.’

ಮುದುಕಿ ಗಾಬರಿಯಾದಳು. ‘ಹಂಗಾರ ನಿನ್ನ ಹಿಂದ ನಾವ್ ಏನಂತ ಕೂಗೂನೋ? ಯಾರ ಬರ್ತಾರೋ?’

ವರ್ಷಾನುಗಟ್ಟಲೆ ನಾಲಿಗೆಯ ತುದಿಯಲ್ಲೇ ಇದ್ದ ‘ನಾ ಹಕೀಮ ಅಲ್ಲ’ ಎಂಬ ಮಾತು ಅಂದು ಅವನ ಬಾಯಿಗೆ ಬರಲಿಲ್ಲ. ಕಣ್ಣೊರೆಸಿಕೊಂಡು ಆಟೋ ಚಾಲೂ ಮಾಡಿದ.