ಪುಟ್ಟ ಎಂದರೆ ಹುತ್ತ

ನಮ್ಮ ಮಾಲಿಯಮ್ಮನ ಬಲಗೈ ಹೆಬ್ಬೆರಳಿನ ಉಗುರು ಹುಣಸೆಬೀಜದಷ್ಟು ಗಟ್ಟಿ, ಅಷ್ಟೇ ಕಪ್ಪು. ಅಣಬೆಯ ಕಾಂಡವನ್ನು ಅದರಿಂದ ಗೀರಿ, ಮೂಸಿ, "ಇದು ತಿನ್ನೂದು, ಇದು ಕೊಲ್ಲೂದು" ಎಂದುಬಿಡುತ್ತಿದ್ದಳು. ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆಂದು ಹೈದರಾಬಾದಿಗೆ ಬಂದು, ಕೊಂಡಾಪುರದ ನಮ್ಮ ಕಾಲೇಜಿನಲ್ಲಿ ತೋಟದ ಕೆಲಸಕ್ಕೆ ನಿಂತವಳು. ನಾನು ಅಲ್ಲಿ ಸಸ್ಯಶಾಸ್ತ್ರ ಕಲಿಸುವವಳು. ಡಾಕ್ಟರೇಟ್ ಬೇರೆ ಇದೆ, ಅದಕ್ಕಿಷ್ಟು ಬೆಂಕಿ ಹಾಕ.

ಕಾಲೇಜಿನ ಹಿಂದಿನ ಕುರುಚಲು ಕಾಡನ್ನು ಪಾರ್ಕಿಂಗ್ ಮಾಡಲು ಹೊರಟಿದ್ದರು. ಅಪರೂಪದ್ದೇನಾದರೂ ಅಲ್ಲಿದೆ ಎಂದು ತೋರಿಸಿದರೆ ಬಿಡುತ್ತೇವೆ ಅಂದರು ಪ್ರಿನ್ಸಿಪಾಲರು. ಆ ಮಳೆಗಾಲದಲ್ಲಿ ಮಾಲಿಯಮ್ಮ ಬೇವಿನ ಮರದಡಿ ಮೊನಚು ತಲೆಯ, ಬೂದು ಬಣ್ಣದ ಒಂದೇ ಒಂದು ಅಣಬೆ ತೋರಿಸಿದಳು. ನನ್ನ ಯಾವ ಪುಸ್ತಕದಲ್ಲೂ ಅಂಥದ್ದಿರಲಿಲ್ಲ.

"ಪುಟ್ಟಗೊಡುಗು ರೀ ಇದು. ನಾಳೆ ಕುರ್ಪಿ ತರ್ತೀನಿ, ಅಗದು ತೆಗಿಯೂಣು. ಅಲ್ಲೀತನಕ ಮುಟ್ಟಬ್ಯಾಡ್ರಿ ಮೇಡಂ."

ಗೊಡುಗು ಎಂದರೆ ತೆಲುಗಿನಲ್ಲಿ ಕೊಡೆ ಎಂದಷ್ಟೇ ಗೊತ್ತಿದ್ದ ನಾನು 'ಪುಟ್ಟ ಕೊಡೆ' ಎಂದು ಬರೆದುಕೊಂಡೆ. ಸಣ್ಣದಕ್ಕೆ ಸಣ್ಣದು ಎನ್ನುವವಳ ಬಾಯಲ್ಲಿ ಪುಟ್ಟ ಯಾಕೆ ಬಂತೆಂದು ಕೇಳಲಿಲ್ಲ. ಪುಟ್ಟ ಕೊಡೆಗೆ ಅಗೆತ ಯಾಕೆಂದು ಸಂಜೆಯೇ ಬ್ಲೇಡಿನಿಂದ ನೆಲಮಟ್ಟಕ್ಕೆ ಕೊಯ್ದೆ. ಬೆಳಿಗ್ಗೆ ಅವಳು ಅಗೆದಾಗ, ಕೊಯ್ದ ಜಾಗದಿಂದ ರಾತ್ರಿಯ ಮಳೆನೀರು ಇಳಿದು ಅಣಬೆಯ ಬೇರು ಪೂರ್ತಿ ಗಂಜಿಯಾಗಿತ್ತು.

"ಪುಟ್ಟ ಅಂದ್ರ ತೆಲುಗಿನ್ಯಾಗ ಹುತ್ತರಿ. ಬೇರು ಗೆದ್ದಲಿ ಗೂಡಿನತನಕ ಇಳದಿರ್ತೈತಿ. ಅದನ್ನ ನೋಡೇ ಯಾವ ಜಾತಿ ಅಂತ ಹೇಳೂದು. ಬರೇ ತಲಿ ಇಟ್ಕೊಂಡು ಏನ್ ಮಾಡ್ತೀರಿ?"

ನಾನು ಕೊಯ್ದ ತಲೆಯನ್ನಷ್ಟೇ ಕಳಿಸಿಕೊಟ್ಟ ಅಣಬೆ ತಜ್ಞರೂ ಅದನ್ನೇ ಬರೆದರು: ಬೇರಿಲ್ಲದೆ ಜಾತಿ ಹೇಳಲಾಗದು. ಪ್ರಿನ್ಸಿಪಾಲರು, "ಮಾಲಿ ಕೈಹಾಕಿ ಕೆಡಿಸಿದ್ದಾಳೆ, ಪಾಪ ನೀವೇನು ಮಾಡ್ತೀರಿ" ಎಂದರು. ಅವಳು ಬಾಗಿಲಲ್ಲೇ ನಿಂತಿದ್ದಳು. ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತೆ. ವಾರದೊಳಗೆ ಜೆಸಿಬಿ ಬಂದು ಕಾಡನ್ನು ಸಪಾಟು ಮಾಡಿತು.

ಅವಳ ಮನೆಗೆ ಹೋಗಿ ತಪ್ಪಾಯಿತು ಅಂದೆ. ಯಾರನ್ನೂ ಚಹಾ ಕುಡಿಸದೆ ಕಳಿಸದವಳು ಅವತ್ತು ನೀರೂ ಕೊಡಲಿಲ್ಲ.

"ನನಗ್ಯಾಕ ಹೇಳಾಕತ್ತೀರಿ? ನನಗ ಗೊತ್ತೈತಿ. ಅವರ ಮುಂದ ಹೇಳ್ರಿ."

ಹೇಳಲಿಲ್ಲ. ಇವತ್ತು, ನಾಳೆ ಎಂದು ಎರಡು ವರ್ಷ ತಳ್ಳಿದೆ. ಹೋದ ಬೇಸಿಗೆಯಲ್ಲಿ ಜ್ವರ ಬಂದು ಅವಳು ತೀರಿಕೊಂಡಳು. ಸುದ್ದಿ ಬಂದಾಗ ಸ್ಟಾಫ್ ರೂಮಿನಲ್ಲಿ ಪ್ರಿನ್ಸಿಪಾಲರು, "ಆ ಅಣಬೆ ಕೆಡಿಸಿದವಳಲ್ಲವಾ?" ಎಂದರು.

"ಕೆಡಿಸಿದ್ದು ನಾನು," ಎಂದೆ.

ಪ್ರಿನ್ಸಿಪಾಲರು ತಲೆಯಾಡಿಸಿ ಚಹಾ ಮುಗಿಸಿ ಎದ್ದರು. ಇಷ್ಟೇ ಇತ್ತು ಅದು. ಅವಳು ಬದುಕಿದ್ದಾಗ ಹೇಳಿದ್ದರೂ ಇಷ್ಟೇ ಆಗುತ್ತಿತ್ತು.